ಹೆಣ್ಣು ಮೀನಿನ ಗುರುತು
ವೋಲ್ಗಾ, ಡ್ಯಾನ್ಯೂಬ್ ಮೊದಲಾದ ಮಹಾನದಿಗಳ ಪ್ರಾಚೀನ ನಿವಾಸಿಯಾದ ಸ್ಟರ್ಜನ್ ಮೀನು, ಬೆನ್ನಿನುದ್ದಕ್ಕೂ ಎಲುಬಿನ ಫಲಕಗಳನ್ನು ಕವಚದಂತೆ ಧರಿಸಿ, ಮೂತಿಯಡಿಯ ನಾಲ್ಕು ಮೀಸೆಗಳಿಂದ ನದೀತಳವನ್ನು ತಡವುತ್ತ ಸಾಗುವಾಗ, ಎಳೆಯ ಪ್ರಾಯದಲ್ಲಿ ಅದು ಗಂಡೋ ಹೆಣ್ಣೋ ಎಂಬುದು ಎಷ್ಟು ನುರಿತ ಬೆಸ್ತನ ಕಣ್ಣಿಗೂ ಗೋಚರವಾಗದು. ಹೆಣ್ಣಿನ ತತ್ತಿಯೇ ಕ್ಯಾವಿಯರ್ ಎಂಬ ಬಹುಮೂಲ್ಯ ಭಕ್ಷ್ಯವಾದ್ದರಿಂದ, ಆ ತತ್ತಿಗಾಗಿ ನಡೆದ ನಿಷ್ಕರುಣ ಬೇಟೆಯೂ ನದಿಗಳಿಗೆ ಅಡ್ಡಲಾಗಿ ಎದ್ದ ಅಣೆಕಟ್ಟುಗಳೂ ಕೂಡಿ ಈ ಕುಲವನ್ನು ವಿನಾಶದ ಅಂಚಿಗೆ ತಂದಿವೆ. ಕೊಳಗಳಲ್ಲಿ ಅದನ್ನು ಸಾಕುವವರಾದರೋ, ಹೆಣ್ಣಾವುದೆಂದು ತಿಳಿಯಲು ವರ್ಷಾನುಗಟ್ಟಲೆ ಮೇವುಣಿಸಿ ಕಾದು, ಅನಂತರ ಅಲ್ಟ್ರಾಸೌಂಡ್ ಯಂತ್ರದಿಂದ ಉದರವನ್ನು ಪರೀಕ್ಷಿಸಬೇಕಾಗಿದ್ದಿತು. ಬರ್ಲಿನ್ನಿನ ವಿಜ್ಞಾನಿಗಳನ್ನೊಳಗೊಂಡ ಒಂದು ತಂಡವು ಸ್ಟರ್ಲೆಟ್ ಎಂಬ ಚಿಕ್ಕ ಜಾತಿಯ ಡಿಎನ್‌ಎಯನ್ನು ಆಮೂಲಾಗ್ರ ಶೋಧಿಸಿ, ಹೆಣ್ಣಿನಲ್ಲಿ ಮಾತ್ರವೇ ಇರುವ ಅತ್ಯಲ್ಪ ಭಾಗವೊಂದನ್ನು 2021ರಲ್ಲಿ ಲೋಕಕ್ಕೆ ತಿಳಿಸಿತು. ಈಗ ಮರಿಯ ಈಜುರೆಕ್ಕೆಯ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರನ್ನು ಕತ್ತರಿಸಿ, ಮದ್ಯಸಾರದಲ್ಲಿ ಕಾಪಿಟ್ಟು, ಪಿಸಿಆರ್ ಯಂತ್ರದಲ್ಲಿ ಆ ಭಾಗವನ್ನು ಕೋಟಿಪಟ್ಟು ಹೆಚ್ಚಿಸಿದರೆ, ತಿಳಿಯಾದ ಜೆಲ್ ಪದರದ ಮೇಲೆ ಎಲ್ಲ ಮೀನಿಗೂ ಸಮಾನವಾದ ಗೆರೆಯೊಂದರ ಜೊತೆಗೆ ಹೆಣ್ಣಿಗೆ ಮಾತ್ರ ಇನ್ನೊಂದು ಗೆರೆ ಬೆಳಗುತ್ತದೆ. ಮೀನು ಸಾಯದೆ ಕೊಳಕ್ಕೆ ಮರಳುತ್ತದೆ. ಮನುಷ್ಯರಲ್ಲಿ ತಂದೆಯಿಂದ ಬರುವ ಲಿಂಗನಿರ್ಣಯ ಇಲ್ಲಿ, ಕೋಳಿಗಳಲ್ಲಿರುವಂತೆ, ತಾಯಿಯಿಂದ ಬರುತ್ತದೆ. ಇತರ ಮೀನುಗಳಲ್ಲಿ ಹತ್ತಿರದ ಬಂಧುಗಳ ನಡುವೆಯೇ ಲಿಂಗನಿರ್ಣಾಯಕ ಜೀನು ಬದಲಾಗುವುದುಂಟು. ಸ್ಟರ್ಜನ್ನಿನ ಈ ತುಣುಕಾದರೋ ಸುಮಾರು 18 ಕೋಟಿ ವರ್ಷಗಳಿಂದ, ಡೈನೋಸಾರುಗಳು ಅಳಿದುಹೋದ ಮೇಲೂ, ತಾಯಿಯಿಂದ ಮಗಳಿಗೆ ಸಲ್ಲುತ್ತ ಬಂದಿದೆ ಎಂಬುದು ನನಗೆ ಕ್ಯಾವಿಯರಿನ ಬೆಲೆಗಿಂತ ಬಹು ದೊಡ್ಡ ವಿಸ್ಮಯ.