ಬಣ್ಣದ ಅಡಿಯ ನುಡಿಗಳು

ಗಣಕಯಂತ್ರದ ಭೂಪಟದಲ್ಲಿ ನೆಲದ ಏರುತಗ್ಗುಗಳ ಚಿತ್ರದ ಮೇಲೆ ಭಾಷೆಗಳ ಚಿತ್ರವನ್ನಿರಿಸಿ ಹೋಲಿಸುವುದು ಈಗ ಸುಲಭ. ಮಿರ್ಲೆಯ ವಿದ್ಯಾರ್ಥಿಯೊಬ್ಬನು ತನ್ನ ಊರಿನಿಂದ ನೈಋತ್ಯಕ್ಕೆ ಕಣ್ಣು ಹಾಯಿಸಿದನೆನ್ನಿ. ಬಯಲು ಮುಗಿದು ಕೊಡಗಿನ ಮಲೆ ಏರುವಲ್ಲಿ ಕನ್ನಡದ ಬಣ್ಣದೊಡನೆ ಕೊಡವ ಭಾಷೆಯ ಬಣ್ಣವೂ ಕಾಣಿಸುತ್ತದೆ. ಬೆಟ್ಟವೇ ಭಾಷೆಯ ಎಲ್ಲೆಯೆಂದು ಅವನಿಗೆ ತೋರುವುದು ಸಹಜ. ಆದರೆ ಈ ತೀರ್ಮಾನ ಅವಸರದ್ದು.

ಅದೇ ದಾರಿಯಲ್ಲಿ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ, ಟಿಬೆಟನ್ ಭಾಷೆ ಕಿವಿಗೆ ಬೀಳುತ್ತದೆ. 1959ರ ಬಳಿಕ ತಾಯ್ನಾಡನ್ನು ತೊರೆದು ಬಂದವರಿಗೆ ಅಲ್ಲಿ ನೆಲೆ ದೊರೆಯಿತು. ಹಿಮಾಲಯದಾಚೆಯ ನುಡಿ ಮೈಸೂರು ಸೀಮೆಯ ಮುಸುಕಿನ ಜೋಳದ ಹೊಲಗಳ ನಡುವೆ ಬೇರೂರಿದುದನ್ನು ಯಾವ ಬೆಟ್ಟ, ಯಾವ ಹೊಳೆ ವಿವರಿಸೀತು? ಆಫ್ರಿಕದ ಮಗ್ಗುಲಲ್ಲಿರುವ ಮಡಗಾಸ್ಕರ್ ದ್ವೀಪದ ಮಲಗಾಸಿ ಭಾಷೆಗೂ ಹತ್ತಿರದ ಬಂಧುಗಳಿರುವುದು ಹಿಂದೂ ಮಹಾಸಾಗರದಾಚೆಯ ಬೋರ್ನಿಯೊದಲ್ಲಿ. ಆ ನುಡಿಯನ್ನು ಕಡಲು ದಾಟಿಸಿದವರು ನಾವಿಕರು.

ಇದಕ್ಕಿಂತ ದೊಡ್ಡ ತಪ್ಪು ಬಣ್ಣ ಬಳಿಯುವವರದು. ಹೆಗ್ಗಡದೇವನಕೋಟೆಯ ಕಾಡಂಚಿನ ಬೆಟ್ಟಕುರುಬರ ನುಡಿಯನ್ನು ಭಾಷಾವಿಜ್ಞಾನಿಗಳು ಬೇರೆ ಭಾಷೆಯೆಂದೇ ಗಣಿಸುತ್ತಾರೆ. 2011ರ ಜನಗಣತಿಯಾದರೋ ಕುರುಬ ನುಡಿಗಳನ್ನು ಕನ್ನಡದ ಲೆಕ್ಕದೊಳಗೆ ಸೇರಿಸಿತು. ಆ ಮೊತ್ತದಿಂದ ರಚಿಸಿದ ಪಟದಲ್ಲಿ ಕಾಡಿಗೂ ಬಯಲಿಗೂ ಒಂದೇ ಬಣ್ಣ. ಯಂತ್ರ ಎಷ್ಟೇ ಚುರುಕಾಗಿರಲಿ, ಲೆಕ್ಕದಲ್ಲಿ ಕರಗಿಹೋದ ನುಡಿಯನ್ನು ಅದು ತೋರಿಸಲಾರದು. ಸುತ್ತಲಿನ ಶಾಲೆಗಳ ಮಕ್ಕಳು ಹಾಡಿಗಳಿಗೆ ಹೋಗಿ, ಜೇನು, ಮಳೆ, ಬಿದಿರುಗಳಿಗೆ ಅಲ್ಲಿಯ ಹಿರಿಯರು ಏನೆನ್ನುವರೆಂದು ಕೇಳಿ ಬರೆದುಕೊಂಡು ಬಂದರೆ, ಆ ಪಟದ ತಿದ್ದುಪಡಿ ಅಲ್ಲಿಂದಲೇ ಆರಂಭವಾಗಬಹುದು.