ಹಾಡಬಾರದ ಪೆಟ್ಟಿಗೆ

ಅಟ್ಟದ ಮೇಲೆ ತಾತನ ಕಾಲದ ರೇಡಿಯೊ ಕೆಟ್ಟು ಕೂತಿದೆಯೆ? ಗುಜರಿಗೆ ಹಾಕುವ ಮುನ್ನ ಅದರ ಸ್ಪೀಕರನ್ನು ಉಳಿಸಿಕೊಳ್ಳಿ. ಕಳಚುವ ಕೆಲಸ ಮಾತ್ರ ತಿಳಿದ ಮೆಕ್ಯಾನಿಕ್‌ಗೆ ಇರಲಿ. ವಾಲ್ವ್ ರೇಡಿಯೊದ ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಈಗ ಆ ಎಂಟು ಇಂಚಿನ ಸ್ಪೀಕರನ್ನು ಬರಿದೇ ಮೇಜಿನ ಮೇಲಿಟ್ಟು, ಸಣ್ಣ ಆಂಪ್ಲಿಫೈಯರಿಗೆ ಜೋಡಿಸಿ ಮೆಲ್ಲಗೆ ಹಾಡು ಹಾಕಿ. ಗಾಯಕಿಯ ದನಿ ಕೇಳುತ್ತದೆ. ಮೃದಂಗದ ಎಡಬದಿಯ ಗುಮ್ಮೆನ್ನುವ ನಾದ ಮಾತ್ರ ಮಾಯ. ದೊಡ್ಡದೊಂದು ದಪ್ಪ ರಟ್ಟಿನಲ್ಲಿ ದುಂಡಗೆ ತೂತು ಕೊರೆದು ಸ್ಪೀಕರನ್ನು ಅದಕ್ಕೆ ಒತ್ತಿಹಿಡಿಯಿರಿ. ನಾದ ಮರಳುತ್ತದೆ!

ಕಾರಣ ಸರಳ. ಕಾಗದದ ಶಂಕು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಡಕ್ಕೊಳಗಾಗುತ್ತದೆ, ಹಿಂದಿನದು ವಿರಳವಾಗುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ದನಿಯ ಅಲೆ ಸುಮಾರು 3.4 ಮೀಟರ್ ಉದ್ದ. ಅಂಥ ಅಲೆಗೆ ಎಂಟು ಇಂಚಿನ ಅಂಚನ್ನು ಸುತ್ತಿ ಬರುವುದು ಲೆಕ್ಕಕ್ಕೇ ಇಲ್ಲ. ಹಿಂದಿನ ಅಲೆ ಮುಂದಿನದನ್ನು ಅಳಿಸಿಹಾಕುತ್ತದೆ. ಇದನ್ನು ತಡೆಯುವುದೇ ಪೆಟ್ಟಿಗೆಯ ಕೆಲಸ.

ಹಾಗೆಂದು ಸಿಕ್ಕ ಡಬ್ಬದಲ್ಲಿ ತುರುಕುವಂತಿಲ್ಲ. ಮುಚ್ಚಿದ ಪೆಟ್ಟಿಗೆಯ ಗಾಳಿ ಸ್ಪ್ರಿಂಗಿನಂತೆ ವರ್ತಿಸುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗುಣವನ್ನೇ ಬಳಸಿ ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ನಾದ ಹೊರಡಿಸಿದರು. ಆದರೆ ಅವರ ಸ್ಪೀಕರಿನ ಅಂಚು ಬಹಳ ಮೃದು. ಹಳೆಯ ರೇಡಿಯೊ ಸ್ಪೀಕರಿನ ಕಾಗದದ ಅಂಚು ಮೊದಲೇ ಬಿಗಿ. ಅದಕ್ಕೆ ಇನ್ನೊಂದು ಬಿಗಿ ಸೇರಿದರೆ ಮಂದ್ರ ಸ್ವರ ಸೊರಗುತ್ತದೆ. ಆದ್ದರಿಂದ ದೊಡ್ಡ ಪೆಟ್ಟಿಗೆ ಮಾಡಿ, ಇಲ್ಲವೇ ಹಳೆಯ ರೇಡಿಯೊದಂತೆ ಹಿಂಬದಿ ತೆರೆದಿಡಿ.

ಲೆಕ್ಕ ಇಲ್ಲಿದೆ. 30, 40, 50 ಸೆಂಟಿಮೀಟರಿನ ಪೆಟ್ಟಿಗೆ ಎಷ್ಟು ಲೀಟರ್? 60 ಎಂದಿರಾ? ಅದು ಹೊರಗಿನ ಅಳತೆ. 19 ಮಿಲಿಮೀಟರ್ ಪ್ಲೈವುಡ್ಡಿನ ದಪ್ಪವನ್ನು ಎರಡೂ ಬದಿಯಿಂದ ಕಳೆಯಿರಿ: ಉಳಿಯುವುದು 44 ಲೀಟರ್ ಮಾತ್ರ. ಪರೀಕ್ಷೆಯಲ್ಲಾದರೆ ಅರ್ಧ ಅಂಕ ಸಿಕ್ಕೀತು. ತಪ್ಪು ಅಳತೆಗೆ ಕೊಯ್ದ ಹಲಗೆ ಕೃಪಾಂಕ ಕೊಡುವುದಿಲ್ಲ.

ಇನ್ನೊಂದು ಮಾತು. ವೀಣೆಯ ಕೊಡ ತಂತಿಯ ಜೊತೆ ಹಾಡಬೇಕು. ಸ್ಪೀಕರಿನ ಪೆಟ್ಟಿಗೆ ಬಾಯಿ ಬಿಡಬಾರದು. ಅದರ ಹಲಗೆಯೂ ಅದುರಿದರೆ ವಾದ್ಯಗೋಷ್ಠಿಯಲ್ಲಿ ಇಲ್ಲದ ದನಿ ನಿಮ್ಮ ಕೋಣೆಯಲ್ಲಿ ಸೇರಿಕೊಳ್ಳುತ್ತದೆ. ಸಂದುಗಳಿಗೆ ಗೋಂದು ಹಚ್ಚಿ ಸ್ಕ್ರೂ ಬಿಗಿಯಿರಿ. ಗೆಣ್ಣಿನಿಂದ ತಟ್ಟಿ ನೋಡಿ. ಹಲಗೆ ಡೋಲಿನಂತೆ ನುಡಿದರೆ ಒಳಗೊಂದು ಅಡ್ಡಪಟ್ಟಿ ಕೊಡಿ.

‘ಓದು ಬಿಟ್ಟು ಬಡಗಿ ಕೆಲಸವೆ?’ ಎಂದು ಅಪ್ಪ ಅಮ್ಮ ಗದರಬಹುದು. ಗರಗಸ ಹಿಡಿಯುವಾಗ ಹಿರಿಯರು ಪಕ್ಕದಲ್ಲಿರಲೇಬೇಕು, ನಿಜ. ಆದರೆ ಅಲೆ, ಅನುರಣನ, ಘನಫಲ ಎಲ್ಲವೂ ಪಠ್ಯಪುಸ್ತಕದ ಪಾಠಗಳೇ. ಅನುರಣನದ ವ್ಯಾಖ್ಯೆ ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅದುರುವ ಹಲಗೆಯ ಮೇಲೆ ಅಂಗೈ ಇಟ್ಟು, ಪಟ್ಟಿ ಕೊಟ್ಟು ಅದನ್ನು ಸುಮ್ಮನಾಗಿಸಿದ ಹುಡುಗಿ ಮರೆಯುವುದಿಲ್ಲ.