ಉಪನಗರಗಳ ನಗರಸಭೆಗಳೂ ಮಾತ್ಸ್ಯನ್ಯಾಯವೂ

ಹಿರಿಯ ಮೀನು ಕಿರಿಯ ಮೀನನ್ನು ನುಂಗುವುದನ್ನು ಪ್ರಾಚೀನರು ಮಾತ್ಸ್ಯನ್ಯಾಯವೆಂದು ಕರೆದು, ಅದನ್ನು ತಡೆಯುವುದೇ ರಾಜಧರ್ಮವೆಂದು ವಿಧಿಸಿದರು. ಬೆಂಗಳೂರಿನ ಸುತ್ತಣ ಊರುಗಳ ವಿಷಯದಲ್ಲಿಯಾದರೋ, ರಾಜ್ಯಾಧಿಕಾರವೇ ಹಿರಿಯ ಮೀನಿನ ಪಕ್ಷವನ್ನು ವಹಿಸಿತು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ ಎಂಬ ಏಳು ನಗರಸಭೆಗಳೂ ಕೆಂಗೇರಿಯ ಪುರಸಭೆಯೂ 110 ಹಳ್ಳಿಗಳೂ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯಲ್ಲಿ ಲೀನವಾದವು.

ಒಂದಗುಳನ್ನು ಹಿಸುಕಿ ಪಾತ್ರೆಯ ಪಾಕವನ್ನು ತಿಳಿಯುವಂತೆ, ಯಲಹಂಕವೊಂದನ್ನು ನೋಡಿದರೆ ಸಾಕು. 1537ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದನೆಂದು ಪ್ರಸಿದ್ಧನಾದ ಹಿರಿಯ ಕೆಂಪೇಗೌಡನು ಯಲಹಂಕನಾಡಿನ ಪ್ರಭು. ಅಂತಹ ತಾಯಿಯೂರು ಮಗಳ ಮನೆಯಲ್ಲಿ ಒಂದು ವಲಯವೆನಿಸಿ, ತನ್ನ ಸಭೆಯನ್ನೂ ಅಧ್ಯಕ್ಷಪೀಠವನ್ನೂ ಕಳೆದುಕೊಂಡಿತು.

ಇಲ್ಲಿ ಪೂರ್ವಪಕ್ಷವೊಂದುಂಟು. ಕೆರೆ ಕಾಲುವೆಗಳು ಊರ ಗಡಿಗಳನ್ನು ಅರಿಯವು; ರಸ್ತೆಗಳೂ ಅಂತೆಯೇ; ಸಣ್ಣ ಸಭೆಗಳಿಗೆ ದ್ರವ್ಯಬಲವಾಗಲಿ ತಜ್ಞರ ನೆರವಾಗಲಿ ಸಾಲದು; ಆದುದರಿಂದ ಏಕಾಧಿಪತ್ಯವೇ ಲೇಸು ಎಂಬುದು ಅದರ ಸಾರ. ಹಳೆಯ ನಗರಸಭೆಗಳು ನಿರ್ದೋಷಿಗಳಾಗಿದ್ದುವೆಂದು ಯಾರೂ ಹೇಳರು. ಆದರೆ ನೀರಿಗಾಗಿ ಸಭೆಗಳನ್ನು ಅಳಿಸಬೇಕಾಗಿರಲಿಲ್ಲ. ಜಲಮಂಡಲಿಯು 1964ರಿಂದಲೂ ಪಾಲಿಕೆಗಿಂತ ಬೇರೆಯಾದ ಸಂಸ್ಥೆಯೇ ಅಲ್ಲವೆ? ಇಷ್ಟಾಗಿಯೂ, ಸೇರಿಸಿಕೊಂಡ ಆ 110 ಹಳ್ಳಿಗಳಿಗೆಂದು ದಿನವೊಂದಕ್ಕೆ 77.5 ಕೋಟಿ ಲೀಟರು ನೀರನ್ನು ತರುವ ಕಾವೇರಿ ಐದನೆಯ ಹಂತವು ಉದ್ಘಾಟನೆಗೊಂಡುದು 2024ರ ಅಕ್ಟೋಬರಿನಲ್ಲಿ. ತೆರಿಗೆಯ ಚೀಟಿಯೇನೋ ವರ್ಷವರ್ಷವೂ ತಪ್ಪದೆ ಬಂದಿತು. ನೀರಿಗೆ ಮಾತ್ರ ಹದಿನೇಳು ವರ್ಷ!

ನೀರಿಗಿಂತಲೂ ದೊಡ್ಡ ನಷ್ಟವು ಧ್ವನಿಯದು. ಪೌರಸಭೆಯ ಅವಧಿ ಐದು ವರ್ಷ, ಅದು ತೀರುವ ಮುನ್ನವೇ ಚುನಾವಣೆಯು ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿಯು ಸ್ಪಷ್ಟವಾಗಿ ಹೇಳುತ್ತದೆ. ನಡೆದುದಾದರೂ ಏನು? ವಿಲೀನದ ಬಳಿಕ 198 ವಾರ್ಡುಗಳಿಗೆ ಮೊದಲ ಚುನಾವಣೆಯಾದುದು 2010ರ ಮಾರ್ಚಿಯಲ್ಲಿ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ತೀರಿದ ಮೇಲೆ, 2025ರಲ್ಲಿ ತಾನೇ ಅಳಿಯುವವರೆಗೂ ಆ ಪಾಲಿಕೆಯು ಇನ್ನೊಂದು ಚುನಾವಣೆಯನ್ನು ಕಾಣಲಿಲ್ಲ. ಚರಂಡಿಯ ದುರ್ಗಂಧವನ್ನು ನಿವೇದಿಸಲು ಯಲಹಂಕದ ಗೃಹಸ್ಥನಿಗೆ ತಾನು ಮತವಿತ್ತು ಆರಿಸಿದ ಪೌರಪ್ರತಿನಿಧಿ ಒಬ್ಬನೂ ಇಲ್ಲದೆ ಹೋದನು.

ಕಡೆಗೆ 2025ರಲ್ಲಿ ಆ ಬೃಹತ್ ಪಾಲಿಕೆಯನ್ನೇ ಒಡೆದು ಐದು ನಗರಪಾಲಿಕೆಗಳನ್ನು ಮಾಡಿದರು. ಕೂಡಿಸಿದರೆ ಹಿತವೆಂದ ಶಾಸನವೇ ಹದಿನೆಂಟು ವರ್ಷಗಳ ಬಳಿಕ ಒಡೆದರೆ ಹಿತವೆಂದಿತು. ಹಾಗಾದರೆ ಆ ಎಂಟು ಸಭೆಗಳು ಯಾವ ಪುರುಷಾರ್ಥಕ್ಕಾಗಿ ಬಲಿಯಾದುವು?

ಹೋದ ನಗರಸಭೆಗಳು ಮರಳಿ ಬಾರದಿರಬಹುದು. ಆದರೆ ಅವುಗಳ ಋಣವನ್ನು ತೀರಿಸುವ ಮಾರ್ಗವು ಶಾಸನದಲ್ಲಿಯೇ ಉಂಟು. ಕಾಲಕ್ಕೆ ಸರಿಯಾದ ಚುನಾವಣೆ, 243ಎಸ್ ವಿಧಿಯು ವಿಧಿಸಿದ ವಾರ್ಡು ಸಮಿತಿಗಳಿಗೆ ಹೆಸರಿಗಷ್ಟೇ ಅಲ್ಲದ ಅಧಿಕಾರ, ಊರಿನ ತೆರಿಗೆಯಲ್ಲಿ ಊರಿಗೊಂದು ನಿಯತವಾದ ಪಾಲು: ಇವಿಷ್ಟನ್ನು ಕೊಡದೆ ಗಡಿಗೆರೆಗಳನ್ನು ಎಷ್ಟು ಬಾರಿ ಅಳಿಸಿ ಬರೆದರೂ ಅದು ಕೊಳ ಬದಲಿಸಿದಂತಾದೀತೇ ಹೊರತು, ಮೀನಿನ ಹಸಿವು ಅಡಗಿದಂತಾಗದು.